ಒರೆಸಿದ ಈಬತ್ತಿ

ದ್ಯಾಮಣ್ಣನವರ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಅವರಿಗೆ ಕೆಲಸದ ಮೇಲೆ ನಿಗಾ ಇಲ್ಲ ಎಂದು ನಾಲ್ಕು ತಿಂಗಳು ಒಂದು ವರದಿಯಲ್ಲಿ ಬರೆದಿತ್ತು, ಅದನ್ನು ಬರೆದವಳು ನಾನೇ. ವರದಿಯನ್ನು ತಿದ್ದಿಯಾಗಿದೆ. ನಾಚಿಕೆ ಮಾತ್ರ ಹಾಗೇ ಉಳಿದಿದೆ. ಯಾರ ಹತ್ತಿರವಾದರೂ ಹೇಳಿಕೊಳ್ಳದೆ ತುತ್ತು ಇಳಿಯುವುದಿಲ್ಲ.

ಮೆಲ್ಬೋರ್ನಿನ ಪಶ್ಚಿಮ ತುದಿಯಲ್ಲಿ, ಒಡೆದು ಹಾಕಿದ ಕಟ್ಟಡಗಳ ಕಾಂಕ್ರೀಟನ್ನು ಪುಡಿ ಮಾಡಿ ಮತ್ತೆ ಜಲ್ಲಿ ಮಾಡುವ ಕಾರ್ಖಾನೆಯೊಂದಿದೆ. ಅಲ್ಲಿ ಜಲ್ಲಿ ಹೊರುವ ಆರು ಕನ್ವೇಯರ್ ಬೆಲ್ಟುಗಳಿವೆ. ಮಂಚದಷ್ಟು ಅಗಲದ ದಪ್ಪ ಕಪ್ಪು ರಬ್ಬರ್ ಪಟ್ಟಿಗಳು, ಆ ತುದಿಗೊಂದು ಈ ತುದಿಗೊಂದು ಉಕ್ಕಿನ ಡ್ರಮ್ಮು, ಅವುಗಳ ಮೇಲೆ ಬೆಳಗಿನಿಂದ ಸಂಜೆಯವರೆಗೆ ಸುತ್ತುತ್ತಲೇ ಇರುತ್ತವೆ. ಬೆಲ್ಟು ಒಂದು ಕಡೆಗೆ ಸರಿಯದಂತೆ, ಹರಿಯದಂತೆ ನೋಡಿಕೊಳ್ಳುವವರು ದ್ಯಾಮಣ್ಣ. ವಯಸ್ಸು ಐವತ್ತಾರು. ಕುಳ್ಳಗಿನ ಗಟ್ಟಿ ಆಳು. ಹೆಲ್ಮೆಟ್ಟಿನ ಕೆಳಗೆ ಬಿಳಿ ಮೀಸೆ, ಮೀಸೆಯ ಕೆಳಗೆ ಸದಾ ಒಂದು ಸಣ್ಣ ಗೊಣಗಾಟ.

ಅವರು ಬೆಳಗಾವಿ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಕಬ್ಬಿನ ಸಿಪ್ಪೆ ಸಾಗಿಸುವ ಬೆಲ್ಟು ನೋಡಿಕೊಂಡವರು. ಹೆಂಡತಿ ಬಸಕ್ಕ ನರ್ಸ್. ಆಕೆಗೆ ಇಲ್ಲಿ ಕೆಲಸ ಸಿಕ್ಕು, ಕಾಯಂ ನೆಲೆಸಲು ಪಿಆರ್ ಆಗಿ, ಪಾಯಿಂಟ್ ಕುಕ್‌ನಲ್ಲಿ ಮನೆ ಮಾಡಿದ ಮೇಲೆ ಇವರು ಹಿಂದಿನಿಂದ ಬಂದರು. "ನಾ ಬಸಕ್ಕನ ಲಗೇಜ್ ರೀ" ಎಂದು ತಮ್ಮನ್ನೇ ಚೇಷ್ಟೆ ಮಾಡಿಕೊಳ್ಳುತ್ತಾರೆ. ಜಲ್ಲಿ ಕಾರ್ಖಾನೆಗೆ ಮೊದಲು ಸೇರಿದ್ದು ಕಸ ಗುಡಿಸಲು. ಒಂದು ದಿನ ಬೆಲ್ಟು ಹಾದಿ ಬಿಟ್ಟು ಸರಿದು, ಮೂರು ಜನ ಸುತ್ತ ನಿಂತು ತಲೆ ಕೆರೆದುಕೊಳ್ಳುತ್ತಿದ್ದಾಗ, ಇವರು ಪೊರಕೆ ಬದಿಗಿಟ್ಟು ಸ್ಪ್ಯಾನರ್ ತೆಗೆದುಕೊಂಡು ಒಂದು ಬೋಲ್ಟನ್ನು ಕಾಲು ಸುತ್ತು ತಿರುಗಿಸಿದರಂತೆ. ಬೆಲ್ಟು ತಾನಾಗಿ ನಡುವಿಗೆ ಬಂತು. ಮರುದಿನದಿಂದ ಪೊರಕೆ ಬೇರೆಯವರ ಕೈಗೆ ಹೋಯಿತು.

ದಿನಾ ಬೆಳಿಗ್ಗೆ ಆರೂ ಬೆಲ್ಟುಗಳ ಉದ್ದಕ್ಕೆ ಒಮ್ಮೆ ನಡೆಯುವುದು, ಕಿವಿಗೊಟ್ಟು ಕೇಳುವುದು, ಡ್ರಮ್ಮಿನ ಎರಡೂ ಬದಿಯ ಬೇರಿಂಗಿನ ಮುಚ್ಚಳಗಳನ್ನು ಬಟ್ಟೆಯಿಂದ ತಿಕ್ಕಿ ಕನ್ನಡಿಯ ಹಾಗೆ ಹೊಳಪು ಮಾಡುವುದು ಅವರ ಪದ್ಧತಿ. ಬೇರಿಂಗು ಎಂದರೆ ಡ್ರಮ್ಮಿನ ಅಚ್ಚು ಕೂತು ತಿರುಗುವ ಗೂಡು. ಇಡೀ ಕಾರ್ಖಾನೆ ಸುಣ್ಣ ಬಳಿದಂತೆ ಧೂಳಿನಲ್ಲಿ ಮುಳುಗಿದ್ದರೂ ಆ ಹನ್ನೆರಡು ಡ್ರಮ್ಮುಗಳ ಮುಚ್ಚಳಗಳು ಮಾತ್ರ ಫಳಫಳ ಅನ್ನುತ್ತಿರುತ್ತವೆ. ವರ್ಷಕ್ಕೊಮ್ಮೆ, ಆಯುಧ ಪೂಜೆಯ ದಿನ, ಆ ಮುಚ್ಚಳಗಳಿಗೆ ಮೂರು ಬೆರಳಿನಿಂದ ವಿಭೂತಿ ಎಳೆಯುತ್ತಾರೆ. ಅವರ ಬಾಯಲ್ಲಿ ಅದು ಈಬತ್ತಿ. ಊದುಬತ್ತಿ, ಕರ್ಪೂರ ಹಚ್ಚಲು ಅಲ್ಲಿ ಅಪ್ಪಣೆಯಿಲ್ಲ, ನಿಂಬೆಹಣ್ಣು ಕೊಯ್ದರೆ ಯಾರಾದರೂ ಜಾರುತ್ತಾರೆ ಎಂಬ ಭಯ. ಹಾಗಾಗಿ ಪೂಜೆಯೆಲ್ಲ ಅಷ್ಟರಲ್ಲೇ ಮುಗಿಯುತ್ತದೆ. ಆಮೇಲೆ ಕೆಲವು ವಾರ ಆ ಗೆರೆಗಳಿಗೆ ಬಟ್ಟೆ ತಾಗಿಸದೆ ಸುತ್ತಲೂ ಮಾತ್ರ ತಿಕ್ಕುತ್ತಾರೆ. ಇದೆಲ್ಲ ನನಗೆ ತಿಳಿದದ್ದು ತೀರ ತಡವಾಗಿ.

ಇನ್ನು ನನ್ನ ಕಥೆ. ಹೆಸರು ಅರುಂಧತಿ. ಮನೆ ಸಿಡ್ನಿಯ ಮಾರ್ಸ್ಡನ್ ಪಾರ್ಕ್‌ನಲ್ಲಿ. ಕೆಲಸ, ಶಾಖದ ಕ್ಯಾಮೆರಾ ಹಿಡಿದು ಊರೂರು ತಿರುಗುವುದು. ಈ ಕ್ಯಾಮೆರಾ ಬೆಳಕನ್ನು ನೋಡುವುದಿಲ್ಲ, ಬಿಸಿಯನ್ನು ನೋಡುತ್ತದೆ. ಬೆಲ್ಟಿನ ಒಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟರೂ, ಡ್ರಮ್ಮಿನ ಮೇಲೆ ಬಾಗಿದಾಗಲೆಲ್ಲ ಬಿರುಕಿನ ಎರಡು ಅಂಚುಗಳು ಒಂದಕ್ಕೊಂದು ತಿಕ್ಕಿ ಮೂರ್ನಾಲ್ಕು ಡಿಗ್ರಿ ಬಿಸಿಯೇರುತ್ತವೆ. ಕಣ್ಣಿಗೆ ಎಲ್ಲವೂ ಕಪ್ಪು ರಬ್ಬರ್. ಕ್ಯಾಮೆರಾದ ಪರದೆಯಲ್ಲಿ ಮಾತ್ರ ಹಳದಿ ದಾರ ಬಿದ್ದಂತೆ ಬಿರುಕು ಕಾಣುತ್ತದೆ. ಹರಿಯುವ ಮೊದಲೇ ಹೇಳುವುದು ನನ್ನ ಉದ್ಯೋಗ. ಅದರಲ್ಲಿ ನಾನು ಜಾಣೆ ಎಂಬ ಜಂಬವೂ ಇತ್ತು.

ಹುಟ್ಟಿದ್ದು ಧಾರವಾಡದಲ್ಲಿ. ಮನೆಯಲ್ಲಿ ಸ್ನಾನವಾದ ಕೂಡಲೇ ಹಣೆಗೆ ವಿಭೂತಿ, ಆಮೇಲೆ ಉಪ್ಪಿಟ್ಟು. ಇಂಜಿನಿಯರಿಂಗ್ ಓದಲು ಬೆಂಗಳೂರಿಗೆ ಹೋದ ಮೊದಲ ವಾರವೇ ಹಾಸ್ಟೆಲ್ಲಿನ ಹುಡುಗಿಯರು ನನ್ನ "ಐತಿ" ಕೇಳಿ ನಕ್ಕರು, ಹಣೆ ನೋಡಿ "ಸ್ವಾಮಿಗಳು ಬಂದರು" ಅಂದರು. ಅತ್ತು ಮುಗಿಸಿ ನಾನು ಕಂಡುಕೊಂಡ ಉಪಾಯ ಇಷ್ಟೇ: ಕೋಣೆಯಲ್ಲಿ ಹಚ್ಚಿಕೊಳ್ಳುವುದು, ಮೆಟ್ಟಿಲು ತಿರುಗುವಲ್ಲಿ ಮಣಿಕಟ್ಟಿನಿಂದ ಒರೆಸಿಬಿಡುವುದು. ಎರಡು ಸೆಕೆಂಡಿನ ಕೆಲಸ. ವರ್ಷ ಕಳೆಯುವುದರೊಳಗೆ ಹಚ್ಚಿಕೊಳ್ಳುವುದೂ ನಿಂತಿತು, "ಐತಿ"ಯೂ ಹೋಯಿತು.

ಕಳೆದ ಅಕ್ಟೋಬರಿನಲ್ಲಿ ಆ ಜಲ್ಲಿ ಕಾರ್ಖಾನೆಯವರು ಕರೆಸಿದರು. ಮ್ಯಾನೇಜರ್ ಗ್ರೆಗ್ ಗೇಟಿನಲ್ಲಿ ಕೈ ಕುಲುಕಿ, ಹೆಲ್ಮೆಟ್ ಕೊಡಿಸಿ ಒಳಗೆ ಕರೆದುಕೊಂಡು ಹೋದ. ಮೂರನೆಯ ಬೆಲ್ಟಿನ ಹತ್ತಿರ ದ್ಯಾಮಣ್ಣ ನಿಂತಿದ್ದರು. ನನ್ನ ಎದೆಯ ಮೇಲಿನ ಹೆಸರಿನ ಚೀಟಿ ನೋಡಿ ಅವರ ಮುಖ ಅರಳಿತು.

"ನಮ್ಮವ್ರ ಇದ್ದಂಗ ಕಾಣ್ತೀರಿ. ಯಾವೂರ್ರಿ ಮೇಡಂ ನಿಮ್ದು?"

"ಬೆಂಗಳೂರು, ಅಂಕಲ್."

ಇದೇನೂ ಯೋಚಿಸಿ ಹೇಳಿದ ಸುಳ್ಳಲ್ಲ. ಹದಿನೆಂಟು ವರ್ಷದಿಂದ ಬಾಯಿಗೆ ರೂಢಿಯಾದದ್ದು. ಅವರು "ಹಂಗೇನ್ರಿ" ಎಂದು ಒಂದು ಗಳಿಗೆ ನನ್ನ ಮುಖ ನೋಡಿ, ವಿಷಯಕ್ಕೆ ಬಂದರು.

"ಈ ಬೆಲ್ಟ್ ಎಡಕ್ಕ ಎಳ್ಯಾಕತ್ತೈತ್ರಿ. ನಾ ಎಷ್ಟ್ ಹಾದಿಗೆ ತಂದ್ರೂ ಮತ್ತ ಅಲ್ಲೇ ಹೊಕ್ಕೈತಿ. ಬೆಲ್ಟಿಂದು ತಪ್ಪಿಲ್ಲ, ಡ್ರಮ್ ಕುಂಟಾಕತ್ತೈತಿ. ಗ್ರೆಗ್‌ಗ ಹೇಳೀನಿ, ನನ್ನ ಇಂಗ್ಲಿಷ್ ಅವಂಗ ತಿಳಿಯಂಗಿಲ್ಲ. ನೀವರ ಸ್ವಲ್ಪ ತಿಳಿಸಿ ಹೇಳ್ರಿ."

"ನೋಡೋಣ ಅಂಕಲ್. ಕ್ಯಾಮೆರಾ ಏನ್ ತೋರಿಸುತ್ತೋ ಅದನ್ನ ರಿಪೋರ್ಟ್ ಮಾಡ್ತೀನಿ."

ಡ್ರಮ್ಮು ಕುಂಟುವುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ನಾನು ಯೋಚಿಸಲೂ ಇಲ್ಲ. ಗ್ರೆಗ್ ಎದುರಿಗೆ ಈ ಮನುಷ್ಯನ ಜೊತೆ ಕನ್ನಡದಲ್ಲಿ ಮಾತು ಬೆಳೆಸಿದರೆ ನನ್ನನ್ನೂ ಅವರ ಸಾಲಿಗೇ ಸೇರಿಸಿಬಿಡುತ್ತಾನೆ ಎಂಬ ಅಳುಕು. ಹೌದು, ಅಷ್ಟು ಸಣ್ಣ ಬುದ್ಧಿ ನನ್ನದು.

ದ್ಯಾಮಣ್ಣ ಇನ್ನೊಂದು ತುದಿಗೆ ಹೋದರು. ನಾನು ಓಡುತ್ತಿದ್ದ ಬೆಲ್ಟಿನ ಮೇಲೆ ಕ್ಯಾಮೆರಾ ಹಿಡಿದೆ. ಎಡ ಅಂಚಿನಲ್ಲಿ ಒಂದಲ್ಲ ಎರಡಲ್ಲ, ಒಂಬತ್ತು ಹಳದಿ ದಾರಗಳು. ಗ್ರೆಗ್ ಪರದೆಗೆ ಬಗ್ಗಿ ನೋಡಿ ಬೆರಗಾದ. ಅಂಚು ಸವೆಯಲು ಕಾರಣ ಹುಡುಕುತ್ತಾ ಕೆಳ ತುದಿಯ ಡ್ರಮ್ಮಿನ ಎಡ ಬೇರಿಂಗಿಗೆ ಬಂದೆ. ಹೊಳೆಯುವ ಮುಚ್ಚಳ ಪರದೆಯಲ್ಲಿ ತಣ್ಣಗೆ ನೀಲಿಯಾಗಿ ಕಂಡಿತು, ಮೂವತ್ಮೂರು ಡಿಗ್ರಿ. ಆ ನೀಲಿಯ ನಡುವೆ ಅಡ್ಡಕ್ಕೆ ಮೂರು ಗೆರೆ, ಹಳದಿ, ಎಂಬತ್ತೊಂದು ಡಿಗ್ರಿ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ತರಬೇತಿಯ ಮೊದಲ ದಿನದ ಪಾಠವೇ ಇದು: ಹೊಳೆಯುವ ಉಕ್ಕನ್ನು ನಂಬಬೇಡ. ಅದು ಕನ್ನಡಿ. ತನ್ನ ಬಿಸಿಯನ್ನು ಮುಚ್ಚಿಟ್ಟುಕೊಂಡು ಸುತ್ತಲಿನ ತಂಪನ್ನು ತೋರಿಸುತ್ತದೆ. ಅದರ ನಿಜವಾದ ಬಿಸಿ ತಿಳಿಯಬೇಕಾದರೆ ಮೇಲೆ ಹೊಳಪಿಲ್ಲದ ಏನನ್ನಾದರೂ ಹಚ್ಚಬೇಕು, ಕಪ್ಪು ಟೇಪು, ಮಸಿ, ಪುಡಿ. ಹಚ್ಚಿದ ಜಾಗ ಸತ್ಯ ಹೇಳುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನೇ ಎಷ್ಟೋ ಹೊಸಬರಿಗೆ ಕಲಿಸಿದ್ದೇನೆ. ದ್ಯಾಮಣ್ಣನ ವಿಭೂತಿ ಮಾಡಿದ್ದು ಆ ಟೇಪಿನ ಕೆಲಸವನ್ನೇ. ಬೇರಿಂಗು ಒಳಗೊಳಗೇ ಬೆಂದು ಹೋಗುತ್ತಿದೆ, ಅದಕ್ಕೇ ಡ್ರಮ್ಮು ವಾಲಿದೆ, ಅದಕ್ಕೇ ಬೆಲ್ಟು ಎಡಕ್ಕೆ ಎಳೆಯುತ್ತಿದೆ ಎಂದು ಆ ಮೂರು ಗೆರೆಗಳು ಕೂಗಿ ಹೇಳುತ್ತಿದ್ದವು.

ಗ್ರೆಗ್ ಕೇಳಿದ, "ಏನದು, ಆ ಮೂರು ಗೆರೆ?"

ಏನೆಂದು ನನಗೆ ಒಂದು ಕ್ಷಣವೂ ಅನುಮಾನವಿರಲಿಲ್ಲ. ಮೂರು ಬೆರಳಿನ ಅಂತರ, ಎಡದಿಂದ ಬಲಕ್ಕೆ ತೆಳುವಾಗುವ ತುದಿ, ನಮ್ಮಪ್ಪನ ಹಣೆಯೇ ಅಲ್ಲಿತ್ತು. ಕಿವಿ ಬಿಸಿಯಾಯಿತು. ಹಾಸ್ಟೆಲ್ಲಿನ ನಗು ಕೇಳಿದ ಹಾಗಾಯಿತು.

"ಏನಿಲ್ಲ, ಕೊಳಕು" ಎಂದೆ. ಜೇಬಿನಿಂದ ಬಟ್ಟೆ ತೆಗೆದು ಒರೆಸಿದೆ. ಎರಡು ಸೆಕೆಂಡಿನ ಕೆಲಸ. ಪರದೆಯಲ್ಲಿ ಮುಚ್ಚಳ ಪೂರ್ತಿ ನೀಲಿಯಾಯಿತು. "ಈಗ ಸರಿಹೋಯಿತು" ಎಂದ ಗ್ರೆಗ್.

ಕೈಗವಸಿನ ಮೂಲಕ ನನ್ನ ಬೆರಳಿಗೆ ಬಿಸಿ ತಾಗಿತ್ತು. ತಾಗಲಿಲ್ಲ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ತಾಗಿತ್ತು.

ವರದಿಯಲ್ಲಿ ಕಾರಣ ಎಂಬ ಜಾಗ ಖಾಲಿ ಬಿಡುವಂತಿಲ್ಲ. ಬೇರಿಂಗು ತಂಪಾಗಿದೆ ಎಂದ ಮೇಲೆ ಉಳಿದದ್ದು ಮನುಷ್ಯ. "ಬೆಲ್ಟು ಸರಿಯುವುದನ್ನು ದಿನನಿತ್ಯ ಸರಿಪಡಿಸುವಲ್ಲಿ ನಿಗಾ ಸಾಲದು" ಎಂದು ಬರೆದೆ. ಹೆಸರು ಬರೆಯಲಿಲ್ಲ. ಅಲ್ಲಿ ಆ ಕೆಲಸ ಮಾಡುವವರು ಒಬ್ಬರೇ ಇರುವಾಗ ಹೆಸರು ಏಕೆ ಬೇಕು? ವಿಮಾನ ಹತ್ತಿ ಮನೆಗೆ ಬಂದೆ. ಹೊಸ ಬೆಲ್ಟು ಹಾಕಿದರು, ದ್ಯಾಮಣ್ಣನನ್ನು ಬೆಲ್ಟಿನಿಂದ ತೆಗೆದು ಅಂಗಳದ ಧೂಳಿಗೆ ನೀರು ಹೊಡೆಯುವ ಕೆಲಸಕ್ಕೆ ಹಾಕಿದರು ಎಂದು ಗ್ರೆಗ್‌ನ ಈಮೇಲಿನಿಂದ ತಿಳಿಯಿತು. ಕೆಳಗೆ ನನಗೆ ಧನ್ಯವಾದ ಬೇರೆ ಹೇಳಿದ್ದ.

ಫೆಬ್ರವರಿ ಕೊನೆಗೆ ಶಿವರಾತ್ರಿ ಬಂತು. ಹಿಂದಿನ ದಿನ ಅವ್ವ ಫೋನಿನಲ್ಲಿ ಕಾಡಿದ್ದಕ್ಕೆ, ಮಗಳು ಚಿನ್ಮಯಿಯ ಹಣೆಗೆ ವಿಭೂತಿ ಹಚ್ಚಿ ಶಾಲೆಗೆ ಹೊರಡಿಸಿದೆ. ಎಂಟು ವರ್ಷದ ಹುಡುಗಿ. ಕಾರು ಶಾಲೆಯ ಬೀದಿಗೆ ತಿರುಗುವಾಗ ಕನ್ನಡಿಯಲ್ಲಿ ನೋಡಿದೆ. ಅವಳು ಮಣಿಕಟ್ಟಿನಿಂದ ಹಣೆ ಒರೆಸಿಕೊಂಡಳು. ಎರಡೇ ಸೆಕೆಂಡು. ನಾನು ಅವಳಿಗೆ ಅದನ್ನು ಯಾವತ್ತೂ ಕಲಿಸಿರಲಿಲ್ಲ.

"ಯಾಕೆ ಒರೆಸಿದೆ ಪುಟ್ಟಿ?"

"ಇಟ್ಸ್ ಇಚ್ಚಿ, ಅಮ್ಮ" ಎಂದು ಇಳಿದು ಓಡಿದಳು. ಸಿಟ್ಟು ಬಂದು ಕೂಗಲು ಬಾಯಿ ತೆರೆದೆ, ಯಾವ ಮುಖ ಇಟ್ಟುಕೊಂಡು ಕೂಗಲಿ ಎಂದು ಮುಚ್ಚಿದೆ.

ಇನ್ನೂ ಅಲ್ಲೇ ಕಾರು ನಿಲ್ಲಿಸಿಕೊಂಡಿದ್ದಾಗ ಆಫೀಸಿನಿಂದ ಫೋನ್ ಬಂತು. ಮೆಲ್ಬೋರ್ನಿನ ಜಲ್ಲಿ ಕಾರ್ಖಾನೆಯ ಹೊಸ ಬೆಲ್ಟು ಎಡ ಅಂಚಿನಲ್ಲೇ ಹರಿದಿದೆ, ಬೇರಿಂಗು ಬಿಗಿದು ನಿಂತುಬಿಟ್ಟಿದೆ, ಯಾರಿಗೂ ಪೆಟ್ಟಾಗಿಲ್ಲ, ನಾಳೆಯೇ ಹೋಗಿ ಬಾ. ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಬೆರಳು ಲ್ಯಾಪ್‌ಟಾಪಿನಲ್ಲಿ ಅಕ್ಟೋಬರಿನ ಚಿತ್ರಗಳನ್ನು ಹುಡುಕತೊಡಗಿತ್ತು. ಒರೆಸುವ ಮೊದಲು ತೆಗೆದದ್ದು ಒಂದೇ ಒಂದು ಉಳಿದಿತ್ತು. ನೀಲಿ ಮುಚ್ಚಳ, ಮೂರು ಹಳದಿ ಗೆರೆ, ಪಕ್ಕದಲ್ಲಿ ಎಂಬತ್ತೊಂದು. ಅಳಿಸಿಬಿಡಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಒತ್ತಲಿಲ್ಲ ಎನ್ನುವುದೊಂದೇ ಈ ಕಥೆಯಲ್ಲಿ ನನ್ನ ಕಡೆಯಿಂದ ಆದ ಒಳ್ಳೆಯ ಕೆಲಸ, ಅದಕ್ಕೂ ಹತ್ತು ನಿಮಿಷ ಹಿಡಿಯಿತು.

ಮರುದಿನ ಕಾರ್ಖಾನೆಯ ಗೇಟು ದಾಟುವಾಗ ದ್ಯಾಮಣ್ಣ ಅಂಗಳಕ್ಕೆ ನೀರು ಹೊಡೆಯುತ್ತಿದ್ದರು. ನನ್ನನ್ನು ನೋಡಿದರು, ಮಾತಾಡಿಸಲಿಲ್ಲ. ಪೈಪಿನ ನೀರು ಸ್ವಲ್ಪ ಹತ್ತಿರಕ್ಕೇ ಬಂದು ನನ್ನ ಬೂಟು ತೋಯಿಸಿತು. ಆಕಸ್ಮಿಕ ಎಂದು ನನಗೆ ಅನಿಸಲಿಲ್ಲ.

ಗ್ರೆಗ್‌ನ ಕೋಣೆಯಲ್ಲಿ ಚಿತ್ರ ತೆರೆದಿಟ್ಟೆ. ಬೇರಿಂಗು ಅಕ್ಟೋಬರಿನಲ್ಲೇ ಕೆಟ್ಟಿತ್ತು, ನನ್ನ ವರದಿ ತಪ್ಪು, ಬೆಲ್ಟು ನೋಡಿಕೊಳ್ಳುವವರದು ಏನೂ ತಪ್ಪಿರಲಿಲ್ಲ, ಡ್ರಮ್ಮು ಕುಂಟುತ್ತಿದೆ ಎಂದು ಅವರು ನನಗೆ ಬಾಯಿಬಿಟ್ಟು ಹೇಳಿದ್ದರು ಎಂದೆ.

"ಆದರೆ ಆ ಗೆರೆಗಳು ಕೊಳಕು ಎಂದಿದ್ದೆಯಲ್ಲ?"

"ಕೊಳಕಲ್ಲ. ಬೂದಿ. ನಮ್ಮ ಜನ ಹಣೆಗೆ ಹಚ್ಚಿಕೊಳ್ಳುವುದು. ವರ್ಷಕ್ಕೊಮ್ಮೆ ದುಡಿಯುವ ಯಂತ್ರಕ್ಕೂ ಹಚ್ಚುತ್ತಾರೆ. ನಮ್ಮ ಮನೆಯಲ್ಲೂ ಹಚ್ಚುತ್ತಾರೆ. ಅವತ್ತೇ ನನಗೆ ಗೊತ್ತಿತ್ತು."

ಗ್ರೆಗ್ ಚಿತ್ರವನ್ನು ತನ್ನ ಕಡೆ ತಿರುಗಿಸಿಕೊಂಡ. ತನ್ನಪ್ಪ ಲಾರಿ ಓಡಿಸುವಾಗ ಕನ್ನಡಿಗೆ ಒಬ್ಬ ಸಂತನ ಪದಕ ನೇತುಹಾಕುತ್ತಿದ್ದನಂತೆ, ಅದನ್ನು ಹೇಳಿದ. ಆಮೇಲೆ ಸಿಟ್ಟೇನೂ ಇಲ್ಲದೆ, ನಿಜಕ್ಕೂ ಅರ್ಥವಾಗದೆ ಕೇಳಿದ, "ಗೊತ್ತಿದ್ದರೆ ಹೇಳಬಹುದಿತ್ತಲ್ಲ?"

ಹೇಳಬಹುದಿತ್ತು. ನಗುತ್ತಾನೆ ಎಂದು ನಾನು ಯಾರಿಗೆ ಹೆದರಿದ್ದೆನೋ ಅವನು ನಗುವವನೇ ಆಗಿರಲಿಲ್ಲ.

ದ್ಯಾಮಣ್ಣನನ್ನು ಒಳಗೆ ಕರೆಸಿದರು. ಗ್ರೆಗ್ ಎದ್ದು ನಿಂತು ಅವರ ಕೈ ಹಿಡಿದು ಕ್ಷಮೆ ಕೇಳಿ, ನಾಳೆಯಿಂದ ಬೆಲ್ಟುಗಳು ನಿಮ್ಮವೇ ಎಂದ. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ. ಆಮೇಲೆ ನನ್ನ ಪಾಲಿನದ್ದನ್ನೂ ಹೇಳಿದೆ, "ನನ್ನ ರಿಪೋರ್ಟ್ ತಪ್ಪಾಗಿತ್ತು ಅಂಕಲ್. ಸಾರಿ."

"ಬಸಕ್ಕ ಓದಿ ಹೇಳಿದ್ಲರಿ, ಆ ರಿಪೋರ್ಟು" ಎಂದರು ಅವರು. "ನಿಗಾ ಇಲ್ಲ ಅಂತ ಬರದಿತ್ತು. ನಾ ಎರಡ್ ಸಲ ಓದಿಸಿದ್ನಿ."

ಅಷ್ಟೇ ಹೇಳಿ ಹೊರಗೆ ಹೋದರು. ಒರೆಸಿದ್ದು ನಾನೇ ಎಂಬ ಮಾತು ನನ್ನ ಬಾಯಿಂದ ಬರಲೇ ಇಲ್ಲ. ಗ್ರೆಗ್ ಎದುರು ಬಂದ ಧೈರ್ಯ ಈ ಮನುಷ್ಯನ ಎದುರು ಬರಲಿಲ್ಲ. ರಿಪೋರ್ಟ್ ತಪ್ಪಾಗಿತ್ತಂತೆ! ರಿಪೋರ್ಟು ತಾನಾಗಿ ತಪ್ಪಾಗುತ್ತದೆಯೇ?

ಮಾರನೆಯ ದಿನ ಹೊಸ ಬೇರಿಂಗು, ಹೊಸ ಬೆಲ್ಟು ಕೂರಿಸಿದರು. ದ್ಯಾಮಣ್ಣ ಬೋಲ್ಟುಗಳನ್ನು ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ತಿರುಗಿಸಿ, ಮುಚ್ಚಳವನ್ನು ಬಟ್ಟೆಯಿಂದ ತಿಕ್ಕಿ ಹೊಳೆಸಿದರು. ಬೆಲ್ಟು ಚಾಲೂ ಮಾಡುವ ಮೊದಲು ಗ್ರೆಗ್ ತನ್ನ ಹಣೆಯ ಮೇಲೆ ಮೂರು ಬೆರಳು ಎಳೆದು ತೋರಿಸಿ, ನಿಮ್ಮ ಗುರುತು ಹಾಕಿ ಎಂದು ಸನ್ನೆ ಮಾಡಿದ. ದ್ಯಾಮಣ್ಣನ ಮೀಸೆಯಡಿ ನಗು ಮೂಡಿತು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಬಿಳಿ ವಿಭೂತಿ ಗಟ್ಟಿ, ಒಂದು ಮೂಲೆ ಸವೆದದ್ದು. ಬಾಟಲಿಯ ನೀರು ಒಂದು ಹನಿ ಹಾಕಿ, ಅದನ್ನು ನನ್ನ ಮುಂದೆ ಚಾಚಿದರು.

"ನೀವ ಹಚ್ರಿ."

"ನಾನಾ? ಬೇಡ ಅಂಕಲ್, ನೀವು..."

"ಒರಸಿದ ಕೈಲೇ ಹಚ್ರಿ."

ಭೂಮಿ ಬಾಯಿ ಬಿಡಬಾರದೇ ಅನಿಸಿತು. ಗ್ರೆಗ್‌ಗೆ ಭಾಷೆ ತಿಳಿಯದು, ಅವನು ನಗುತ್ತಲೇ ನಿಂತಿದ್ದ. ಗಟ್ಟಿಯನ್ನು ಇಸಿದುಕೊಂಡೆ. ಮೂರು ಬೆರಳು ತಿಕ್ಕಿ ಮುಚ್ಚಳದ ಮೇಲೆ ಎಡದಿಂದ ಬಲಕ್ಕೆ ಎಳೆದೆ. ನಡುವಿನ ಗೆರೆ ಸೊಟ್ಟಗಾಯಿತು. ಹದಿನೆಂಟು ವರ್ಷ ಬಳಸದ ಮಾತು ತಾನಾಗಿ ಬಾಯಿಗೆ ಬಂತು.

"ನಂದು ತಪ್ಪಾತ್ರಿ ಕಾಕಾ. ನಾನ ಒರಸಿದ್ದು ಅಂತ ಹೆಂಗ ಗೊತ್ತಾತ್ರಿ? ನೀವು ಅಲ್ಲಿ ಇರಲಿಲ್ಲಲ್ಲ."

ದ್ಯಾಮಣ್ಣ ಪೊಟ್ಟಣ ಮಡಚಿ ಜೇಬಿಗೆ ಹಾಕಿಕೊಂಡರು.

"ಅವತ್ತ ಸಂಜಿಗೆ ಬಂದು ನೋಡಿದ್ರ ಗೆರಿ ಇದ್ದಿಲ್ಲ. ಗೊತ್ತಿಲ್ಲದಾಂವ ಆಗಿದ್ರ ಇದೇನು ಅಂತ ನನ್ನ ಕೇಳ್ತಿದ್ದ. ಕೇಳದ ಒರಸ್ಯಾರಂದ್ರ, ಈಬತ್ತಿ ಅಂತ ಗೊತ್ತಿದ್ದವ್ರ ಇರಬೇಕು. ಅವತ್ತ ತಿಳೀತು ತಂಗಿ, ನೀ ಬೆಂಗಳೂರಾಕಿ ಅಲ್ಲ, ನಮ್ಮ ಕಡ್ಯಾಕಿ ಅಂತ."